ಹೊಲದ ಭಜ್ಜಿ ಉಂಡವರ ಯಾದಿ

೩ ಡಿಸೆಂಬರ್ ೧೯೩೫, ಮಂಗಳವಾರ. ಹುಮನಾಬಾದ್

ಕಂದೀಲಿನ ಗಾಜು ಆರೂ ಒರೆಸಿ ಆಯಿತು. ಒಂದು ಸೀಳಿದೆ. ಸೀಳು ಗೋಡೆ ಕಡೆ ತಿರುಗಿಸಿಟ್ಟೆ. ಚರ್ಚಿನ ಕಸ ಹೊಡೆದೆ, ಜಮಖಾನೆ ಜಾಡಿಸಿದೆ, ಮಕ್ಕಳಿಗೆ ಕ್ರಿಸ್ಮಸ್ ಹಾಡು ಕಲಿಸಿದೆ. ಹುಡುಗರು ಕಿರುಚುತ್ತಾರೆ, ಹುಡುಗಿಯರು ಬಾಯೇ ತೆರೆಯುವುದಿಲ್ಲ. ಶಾಲೆಯಲ್ಲಿ ದಿನವೆಲ್ಲ ಒದರಿದ್ದು ಸಾಲದು, ಸಂಜೆ ಇದು ಬೇರೆ. ಯಾರೂ ಮಾಡು ಎಂದಿಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ಆದ್ದರಿಂದ ಗೊಣಗುವ ಹಕ್ಕೂ ನನ್ನದೇ.

ಚರ್ಚಿನ ಹೊಸ ಪಾದ್ರಿ ಅಯ್ಯನವರು ಸಭೆಯ ರಿಜಿಸ್ಟರನ್ನೂ ನನ್ನ ತಲೆಗೆ ಕಟ್ಟಿದರು. ದೀಕ್ಷಾಸ್ನಾನ, ಮದುವೆ, ಮರಣ — ಎಲ್ಲ ನಾನೇ ಬರೆಯಬೇಕಂತೆ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ. ಮೈಸೂರು ಸೀಮೆಯವರು, ಜೂನ್‌ನಲ್ಲಿ ಬಂದರು. ಕೆಟ್ಟವರಲ್ಲ. ನಮ್ಮ ಮಾತು ಅವರಿಗೆ ಅರ್ಧ ತಿಳಿಯುವುದಿಲ್ಲ, ಉಳಿದರ್ಧ ಹಿಡಿಸುವುದಿಲ್ಲ.

ಹಾಳೆ ತಿರುವುವಾಗ ಅಪ್ಪನ ಹೆಸರು ಸಿಕ್ಕಿತು. ಗುಂಡಪ್ಪ, ಮರಣ ೧೯೩೧. ಚರ್ಚಿನ ಹಿಂದಿನ ಮಣ್ಣಿನಲ್ಲಿ, ಬೇವಿನ ಪಕ್ಕ. ಅದರ ಮಗ್ಗುಲಿನ ಜಾಗ ಅವ್ವನಿಗೆಂದು ಬಿಟ್ಟಿದ್ದಾರೆ. ಅವ್ವ ಅದನ್ನು ಆಗಾಗ ಹೋಗಿ ನೋಡಿ ಬರುತ್ತಾಳೆ, ಸಂತೆಯಲ್ಲಿ ಜಾಗ ಹಿಡಿದವರ ಹಾಗೆ.

ಅವ್ವನ ಕೆಮ್ಮು ಇಳಿದಿಲ್ಲ.

೭ ಡಿಸೆಂಬರ್, ಶನಿವಾರ

ಬಸವಣ್ಣನ ಕಲ್ಯಾಣಕ್ಕೆ ಹೋಗಿ ಬಂದೆವು. ನೆಪ — ನಕ್ಷತ್ರ ಮಾಡಲು ಬಣ್ಣದ ಕಾಗದ. ನಿಜ — ಚಳಿಗಾಲದಲ್ಲಿ ಒಂದು ದಿನವಾದರೂ ಈ ಊರಿನ ಮುಖ ನೋಡದೆ ಇರಬೇಕು. ನಾನು, ಗಿರಿಜಾ, ಮೀರಾ. ಗಿರಿಜಾ ನನ್ನ ಶಾಲೆಯವಳೇ, ಎರಡನೇ ಇಯತ್ತೆ ಟೀಚರ್. ಮೀರಾ ಕಿರಾಣಿ ಅಂಗಡಿ ಬಕ್ಕಪ್ಪನವರ ಮಗಳು. ನಮ್ಮ ಸಭೆಯವಳಲ್ಲ, ಆದರೆ ನಮ್ಮ ಹಾಡೆಲ್ಲ ಅವಳಿಗೆ ಬಾಯಿಪಾಠ.

ಮೂವರು ಹೆಂಗಸರು ಮೋಟಾರಿನಲ್ಲಿ ಒಂಟಿಯಾಗಿ ಹೋಗಬಾರದೆಂದು ಮನೆಯವರು ನನ್ನ ತಮ್ಮ ಕಾಶಿರಾಮನನ್ನು ಕಾವಲಿಗೆ ಕಳಿಸಿದರು. ಅವನು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ. ನಾವೇ ಅವನನ್ನು ಕಾಯ್ದೆವು.

ತ್ರಿಪುರಾಂತ ಕೆರೆ ದಂಡೆಯಲ್ಲಿ ಕೂತು ಶೇಂಗಾ-ಬೆಲ್ಲ ತಿಂದೆವು. ಬಿಸಿಲು ಹಿತವಾಗಿತ್ತು. ಮೀರಾ ಬೆರಳು ಮಡಚಿ ಲೆಕ್ಕ ಹಾಕಿದಳು.

"ಈ ವರ್ಷ ನಿಮ್ಮ ಕ್ರಿಸ್ಮಸ್ ದಿನಾನೇ ಎಳ್ಳ ಅಮಾಸಿ ಬಂದದ ನೋಡ್ರಿ."

"ಖರೇನ?" ಗಿರಿಜಾಳ ಕಣ್ಣು ಅರಳಿದವು. "ಮುಂಜಾನೆ ಚರ್ಚು, ಮಧ್ಯಾಹ್ನ ಹೊಲ. ಒಂದೇ ದಿನ ಎರಡ ಸಲ ಉಣ್ಣೋದು."

ನಕ್ಕೆವು. ಇಷ್ಟು ನಕ್ಕು ಎಷ್ಟು ದಿನವಾಗಿತ್ತೋ.

೮ ಡಿಸೆಂಬರ್, ಭಾನುವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಿರಿಜಾ ಆರಾಧನೆಗೆ ಮೊದಲು ಅಯ್ಯನವರ ಎದುರು ಹಲ್ಲು ಕಿರಿದು ಎರಡು ಊಟದ ವಿಷಯ ಹೇಳಿಬಿಟ್ಟಿದ್ದಾಳೆ. ಅವರಿಗೆ ಎಳ್ಳ ಅಮಾವಾಸ್ಯೆ ಎಂದರೇನು ಎಂದೇ ಗೊತ್ತಿರಲಿಲ್ಲ. ಯಾರನ್ನೋ ಕೇಳಿದರು. ಆ ಯಾರೋ, ಹೊಲದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡುತ್ತಾರೆ, ಎಡೆ ಕೊಟ್ಟು ಉಣ್ಣುತ್ತಾರೆ ಎಂದು ಹೇಳಿದರು.

ಅಯ್ಯನವರ ಪ್ರಸಂಗದ ಕೊನೆಗೆ ಘೋಷಣೆ. ಇಪ್ಪತ್ತೈದರಂದು ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನಲ್ಲಿ ಪ್ರೀತಿ ಭೋಜನ. ಹೊಲಕ್ಕೆ ಹೋದವರು, ಆ ಎಡೆಯ ಅಡಿಗೆ ಉಂಡವರು — ಅವರ ಹೆಸರು ರಿಜಿಸ್ಟರಿನಿಂದ ತೆಗೆಯಲಾಗುವುದು. ಹೆಸರು ಇಲ್ಲದವರಿಗೆ ಸಭೆಯ ಸಮಾಧಿ ಭೂಮಿಯಲ್ಲಿ ಜಾಗವಿಲ್ಲ.

ಅವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಕೆಮ್ಮು ಬಂತು, ಸೆರಗು ಒತ್ತಿ ಹಿಡಿದಳು. ಅಷ್ಟೇ.

೯ ಡಿಸೆಂಬರ್, ಸೋಮವಾರ

ಅವ್ವ ತೊಗರಿ ಬಿಡಿಸುತ್ತ ಕೂತಿದ್ದಳು. ಈ ವರ್ಷ ಬಿಡು ಅವ್ವ ಎಂದ ಕಾಶಿರಾಮ. ಅವನು ಮಿಷನ್ ಶಾಲೆಯ ಚಪರಾಸಿ. ಅಯ್ಯನವರು ಕೆಮ್ಮಿದರೆ ಇವನು ನಡುಗುತ್ತಾನೆ.

"ಯಾಕ ಬಿಡ್ಲಿ?" ಎಂದಳು ಅವ್ವ. "ನಾ ಕಲ್ಲ ಇಡಂಗಿಲ್ಲ, ಕೈ ಮುಗಿಯಂಗಿಲ್ಲ. ಮೂವತ್ತ ವರ್ಷ ಆತು ದೀಕ್ಷಾ ತಗೊಂಡು. ಮಣ್ಣ ವರ್ಷೆಲ್ಲ ನಮಗ ಉಣ್ಣಸ್ತದ. ಒಂದ ದಿನ ನಾವು ಅದಕ್ಕ ಉಣ್ಣಸಿದ್ರ ಏನ ತಪ್ಪ?"

"ಆದರ ಅಯ್ಯನವರು..."

"ನಿಮ್ಮ ಅಯ್ಯನವರಿಗಿ ಏನ ಗೊತ್ತದ?"

ಆಮೇಲೆ ಹೇಳಿದಳು. ನನಗೆ ಗೊತ್ತಿದ್ದದ್ದೇ, ಆದರೂ ಬರೆದಿಡುತ್ತೇನೆ. ಅಪ್ಪ-ಅವ್ವ ಇಪ್ಪತ್ತು ವರ್ಷ ಗೌಡರ ಹೊಲದಲ್ಲಿ ಜೀತ ಮಾಡಿದರು. ಎಳ್ಳ ಅಮಾವಾಸ್ಯೆಯ ದಿನ ಗೌಡರ ಮನೆಯವರೆಲ್ಲ ಹೊಲದ ನಡುವೆ ಕೂತು ಉಂಡ ಮೇಲೆ ಇವರನ್ನು ಬದುವಿನ ಆಚೆ ಕೂಡಿಸಿ, ಮೇಲಿನಿಂದ ಕೈಗೆ ಹಾಕುತ್ತಿದ್ದರು. ಅಪ್ಪ ಕೊಡಂಬಲ ದಾರಿಯಲ್ಲಿ ಎರಡು ಎಕರೆ ಸ್ವಂತ ಹೊಲ ಮಾಡಿದ ವರ್ಷ ಅಮಾವಾಸ್ಯೆಗೆ ಅವ್ವನನ್ನು ಕರೆದುಕೊಂಡು ಹೋಗಿ ಹೊಲದ ನಟ್ಟನಡುವೆ ಕೂಡಿಸಿದ. ಇಲ್ಲಿ ಕೂತು ಉಣ್ಣು, ಇನ್ನ ಮ್ಯಾಲ ಬದುವಿಗಿ ಹೋಗಬ್ಯಾಡ ಅಂದ. ಅಂದಿನಿಂದ ಅವ್ವ ಒಂದು ವರ್ಷವೂ ತಪ್ಪಿಸಿಲ್ಲ. ಹಿಂದಿನ ಅಯ್ಯನವರು ಬಂದು ಅದೇ ಹೊಲದಲ್ಲಿ ಪ್ರಾರ್ಥನೆ ಮಾಡಿ ಉಂಡು ಹೋಗುತ್ತಿದ್ದರು.

"ಈಗ ಇವ್ರು ನನ್ನ ಮತ್ತ ಬದುವಿಗಿ ಕಳಸಾಕತ್ಯಾರ," ಎಂದಳು ಅವ್ವ.

ಮೈ ಉರಿಯಿತು ನನಗೆ. ಈಗಲೂ ಉರಿಯುತ್ತಿದೆ.

೧೬ ಡಿಸೆಂಬರ್, ಸೋಮವಾರ. ಸಂಜೆ ಐದು

ಒಂದು ವಾರ ಏನೂ ಬರೆಯಲಿಲ್ಲ. ಅವ್ವನಿಗೆ ಜ್ವರ. ಶಾಲೆ, ಕಷಾಯ, ಚರ್ಚಿನ ಸುಣ್ಣ.

ಇಂದು ಅಯ್ಯನವರ ಮನೆಗೆ ಹೋದೆ. ವರಾಂಡದಲ್ಲೇ ನಿಂತು ಮಾತಾಡಿದೆ. ಭೋಜನವನ್ನು ಸಂಜೆಗೆ ಇಡಿ, ಬೇಕಾದರೆ ನೀವೇ ಹೊಲಕ್ಕೆ ಬಂದು ನೋಡಿ ಎಂದೆ.

"ಟೀಚರಮ್ಮ, ನೀವು ಓದಿದವರು. ನೀವೇ ಹೀಗಂದ್ರೆ ಹೇಗೆ? ಇವತ್ತು ಮಣ್ಣಿಗೆ ಅನ್ನ ಅಂತೀರಿ, ನಾಳೆ ಕಲ್ಲಿಗೆ ಹಾಲು ಅಂತೀರಿ."

"ನಮ್ಮವ್ವ ಕಲ್ಲ ಇಡಂಗಿಲ್ರಿ."

"ಇಡೋರ ಜೊತೆ ಒಂದೇ ದಿನ, ಒಂದೇ ಅಡಿಗೆ. ನೋಡೋರಿಗೆ ಏನು ವ್ಯತ್ಯಾಸ?"

"ನೋಡೋರ ಸಲುವಾಗಿ ನಮ್ಮ ಅಪ್ಪ ಹೊಲ ಮಾಡಿಲ್ರಿ."

ಅವರ ಮುಖ ಕೆಂಪಾಯಿತು. ನಿಯಮ ಎಲ್ಲರಿಗೂ ಒಂದೇ, ತಮಗೂ ಸೇರಿ ಎಂದರು. ಹಾಗೆಂದು ಬಾಗಿಲು ಹಾಕಿಕೊಳ್ಳಲಿಲ್ಲ, ಚಹಾ ಕುಡಿದು ಹೋಗಿ ಎಂದರು. ಕುಡಿಯಲಿಲ್ಲ. ಕುಡಿಯಬೇಕಿತ್ತೇನೋ. ಅವರ ಹೆಂಡತಿ ಅಮ್ಮನವರು ಒಳಗಿನಿಂದ ಲೋಟ ಹಿಡಿದು ಬಂದು ಹಾಗೇ ನಿಂತಿದ್ದರು.

೨೨ ಡಿಸೆಂಬರ್, ಭಾನುವಾರ

ಮತ್ತೆ ಘೋಷಣೆ. ಈ ಸಲ ಇನ್ನೊಂದು ಮಾತು ಸೇರಿತು. ಹೊಲದ ಎಡೆ ಉಂಡವರ ಯಾದಿಯನ್ನು ಶೇವಂತಾಬಾಯಿ ಟೀಚರ್ ಬರೆಯುತ್ತಾರೆ. ಮುಂದಿನ ಭಾನುವಾರ ಎಲ್ಲರ ಎದುರು ಅವರೇ ಓದುತ್ತಾರೆ.

ಅಂದರೆ ನನ್ನ ಅವ್ವನ ಹೆಸರನ್ನು ನನ್ನ ಕೈಯಿಂದಲೇ. ನನ್ನ ಬಾಯಿಂದಲೇ.

ಬರೆಯಲು ಒಲ್ಲೆ ಎಂದು ಅಯ್ಯನವರಿಗೆ ಹೇಳುತ್ತೇನೆ ಎಂದೆ ಅವ್ವನಿಗೆ. ರಿಜಿಸ್ಟರ್ ಅವರ ಮುಖದ ಮೇಲೆ ಒಗೆದು ಬರುತ್ತೇನೆ ಎಂದೆ. ಅವ್ವ ಅಂದಳು —

"ಒಗಿಬ್ಯಾಡ. ನೀ ಬಿಟ್ರ ಮತ್ತೊಬ್ರು ಬರೀತಾರ. ನನ್ನ ಹೆಸರ ನೀನೇ ಬರಿ. ಚಂದಾಗಿ ಬರಿ."

೨೪ ಡಿಸೆಂಬರ್, ಮಂಗಳವಾರ. ಮಧ್ಯಾಹ್ನ

ಎರಡು ಅಡಿಗೆ. ಚರ್ಚಿನ ಭೋಜನಕ್ಕೆ ಅಕ್ಕಿ ಆರಿಸಿ ಕೊಟ್ಟೆ, ಮಸಾಲೆ ಅರೆದು ಕೊಟ್ಟೆ. ಮನೆಯಲ್ಲಿ ಅವ್ವನ ಭಜ್ಜಿ — ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಮೆಂತ್ಯ, ಹುಣಸೆ ಹುಳಿ, ಕಡಲೆ ಹಿಟ್ಟು, ಎಲ್ಲ ಒಂದೇ ಗಡಿಗೆಯಲ್ಲಿ ಗಟ್ಟಿಯಾಗಿ ಕುದಿಸಿದ್ದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಅಂಬಲಿ. ಮೀರಾ ಅಂಗಡಿಯಿಂದ ಎಳ್ಳು ತಂದು ಕೊಟ್ಟು ರೊಟ್ಟಿ ಬಡಿಯಲು ಕೂತಳು. ಗಿರಿಜಾ ಬಾಗಿಲಲ್ಲಿ ನಿಂತು ಅತ್ತಳು, ಎಲ್ಲ ನನ್ನಿಂದಾತು ಎಂದು. ಅಳೂದ ಬಿಟ್ಟು ಬೆಂಕಿ ಊದು ಎಂದಳು ಅವ್ವ.

೨೫ ಡಿಸೆಂಬರ್, ಬುಧವಾರ. ಸಂಜೆ

ಬೆಳಿಗ್ಗೆ ಆರಾಧನೆ. ಚರ್ಚು ತುಂಬಿತ್ತು. ಹುಡುಗಿಯರು ಬಾಯಿ ತೆರೆದರು, ಹುಡುಗರು ಕಿರುಚಲಿಲ್ಲ. ಕಣ್ಣಲ್ಲಿ ನೀರು ಬಂತು. ಈ ಹಬ್ಬ ನನ್ನದು, ಯಾರೂ ಕಸಿಯಲಾರರು.

ಹನ್ನೊಂದಕ್ಕೆ ಅಯ್ಯನವರ ಬಳಿ ಹೋಗಿ ಹೇಳಿದೆ. ಹಿಂದಿನಿಂದ ಹೋದರೆ ಕಳ್ಳತನವಾಗುತ್ತದೆ.

"ಅನ್ನ ಆಗೇದ, ಸಾರ ಆಗೇದ. ಬಡಸಾಕ ಮಂದಿ ಇದ್ದಾರ. ನಾ ಹೊಲಕ್ಕ ಹೊಂಟೀನ್ರಿ."

"ಪಟ್ಟಿಯಲ್ಲಿ ನಿಮ್ಮ ಹೆಸರೂ ಬರುತ್ತೆ, ಟೀಚರಮ್ಮ."

"ಬರಿಯಾಕಿ ನಾನೇ ಅಲ್ರಿ. ಬಿಡಂಗಿಲ್ಲ."

ಬಂಡಿಯಲ್ಲಿ ಅವ್ವ, ನಾನು, ಮೀರಾ ಎಂದುಕೊಂಡಿದ್ದೆ. ಹಿಂತಿರುಗಿ ನೋಡಿದರೆ ಗಿರಿಜಾ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದಾಳೆ. ಅವಳ ಹಿಂದೆ ಒಂದೊಂದೇ ಮನೆ. ಒಟ್ಟು ಒಂಬತ್ತು ಮನೆಯವರು. ಯಾರನ್ನೂ ನಾನು ಕರೆದಿರಲಿಲ್ಲ.

ಹೊಲದ ನಡುವೆ ಕಂಬಳಿ ಹಾಸಿದೆವು. ಜೋಳ ತಲೆ ಮಟ್ಟ ನಿಂತಿದೆ. ಅವ್ವ ನಾಲ್ಕು ದಿಕ್ಕಿಗೆ ಭಜ್ಜಿ, ಅಂಬಲಿ ಚೆಲ್ಲಿದಳು. ಕಣ್ಣು ಮುಚ್ಚಿದಳು. "ಯೇಸಪ್ಪಾ, ನಿನ್ನ ಮಣ್ಣಿಗಿ ಉಣ್ಣಸಾಕತ್ತೀನಿ. ನನ್ನ ಗಂಡನ ಬೆವರ ಇದರಾಗ ಅದ. ಸಿಟ್ಟ ಆಗಬ್ಯಾಡ." ಅಷ್ಟೇ ಅವಳ ಪೂಜೆ. ಆಮೇಲೆ ನಡುವೆ ಕೂತು ಎರಡು ರೊಟ್ಟಿ ಉಂಡಳು. ಜ್ವರ ಬಂದ ಮೇಲೆ ಅವಳು ಎರಡು ರೊಟ್ಟಿ ಉಂಡದ್ದು ಇದೇ ಮೊದಲು.

ಮೂರು ಗಂಟೆಗೆ ಕಾಶಿರಾಮ ನಡೆದುಕೊಂಡು ಬಂದ. ಅಲ್ಲಿ ಉಂಡವನು ಇಲ್ಲೂ ಉಂಡ. ಯಾರ ಮುಖವನ್ನೂ ನೋಡಲಿಲ್ಲ. ಅವ್ವ ಅವನ ತಲೆ ಸವರಿದಳು.

೨೬ ಡಿಸೆಂಬರ್, ಗುರುವಾರ

ಭಜ್ಜಿಗೆ ಮರುದಿನವೇ ರುಚಿ. ಉಳಿದದ್ದನ್ನು ಮನೆಮನೆಗೆ ಬೀರುವುದು ಪದ್ಧತಿ. ಅವ್ವ ಎಲ್ಲರಿಗೂ ಬೀರಿದಳು. ಕೊನೆಗೆ ಒಂದು ತಪೇಲಿ ತುಂಬಿ ಅಯ್ಯನವರ ಮನೆಗೆ ಒಯ್ಯಿ ಎಂದಳು.

"ಅವರಿಗ್ಯಾಕ?"

"ಪ್ರತಿ ವರ್ಷ ಅಯ್ಯನವರ ಮನಿಗಿ ಹೋಗ್ತದ. ಹಬ್ಬದ ದಿನ ಸಿಟ್ಟ ಇಟ್ಕೋಬಾರದು."

ಒಯ್ದೆ. ಅಮ್ಮನವರು ಮುಚ್ಚಳ ತೆಗೆದು ಮೂಸಿದರು, ಮುಗುಳ್ನಕ್ಕರು. "ನಂಗೊತ್ತು ಕಣಮ್ಮ ಇದೇನು ಅಂತ. ಅವರಿಗೆ ಗೊತ್ತಿಲ್ಲ, ಅಷ್ಟೆ." ಅಯ್ಯನವರು ಊಟಕ್ಕೆ ಕೂತಿದ್ದರು. ನನ್ನ ಎದುರಿಗೇ ಅನ್ನಕ್ಕೆ ಕಲಸಿಕೊಂಡರು. ಎರಡನೇ ಸಲ ಹಾಕಿಸಿಕೊಂಡರು. ಬೆರಳು ಚೀಪಿ, "ಈ ಸೀಮೆ ಗೊಜ್ಜು ಚೆನ್ನಾಗಿದೆ, ಏನಿದು?" ಎಂದರು.

"ಕಾಳು ಸೊಪ್ಪು," ಎಂದರು ಅಮ್ಮನವರು.

ಹೇಳಬೇಕಿತ್ತು ನಾನು. ಹೇಳಲಿಲ್ಲ. ಕಳ್ಳತನ ಒಲ್ಲೆ ಎಂದು ನಿನ್ನೆ ಜಂಬ ಕೊಚ್ಚಿಕೊಂಡವಳು. ತಪೇಲಿ ತೊಳೆದು ಕೊಡುತ್ತೇನೆ ಎಂದರು, ಕಾಯದೆ ಬಂದುಬಿಟ್ಟೆ.

೨೮ ಡಿಸೆಂಬರ್, ಶನಿವಾರ

ಅವ್ವನಿಗೆ ಕೆಮ್ಮಿನಲ್ಲಿ ರಕ್ತ. ಕಾಶಿರಾಮ ಡಾಕ್ಟರನ್ನು ಕರೆತಂದ. ಡಾಕ್ಟರು ಔಷಧ ಕೊಟ್ಟು, ನನ್ನನ್ನು ಹೊರಗೆ ಕರೆದು, ಚಳಿಗಾಲ ದಾಟಿದರೆ ನೋಡೋಣ ಎಂದರು.

ಕಾಶಿರಾಮ ಅತ್ತ. "ಅಕ್ಕಾ, ಅವ್ವನ ಹೆಸರ ಒಂದ ಬಿಡು. ಯಾರು ಕೇಳ್ತಾರ? ಅಪ್ಪನ ಬಾಜೂಕ ಮಲಗಲಿ."

ಬಿಡಬಹುದು. ಬರೆಯುವವಳು ನಾನೇ. ಆದರೆ ಅವ್ವನದು ಬಿಟ್ಟು ಉಳಿದ ಮನೆಗಳದ್ದು ಹೇಗೆ ಬರೆಯಲಿ? ಅವರು ನನ್ನ ಅವ್ವನ ಹಿಂದೆ ಹೊಲಕ್ಕೆ ಬಂದವರು.

ತಪೇಲಿ ಕೊಡಲು ಅಮ್ಮನವರು ತಾವೇ ಬಂದಿದ್ದರು. ಅವ್ವನ ಕಾಲ ಬಳಿ ಸ್ವಲ್ಪ ಹೊತ್ತು ಕೂತರು. ಹೋಗುವಾಗ ಬಾಗಿಲಲ್ಲಿ ನಿಂತು, "ನಾಳೆ ಓದ್ತೀರಲ್ಲ, ನನ್ನ ಹೆಸರು ಬಿಡಬೇಡಿ. ನಾನೂ ಉಂಡಿದ್ದೀನಿ" ಎಂದರು.

೨೯ ಡಿಸೆಂಬರ್, ಭಾನುವಾರ. ಬೆಳಿಗ್ಗೆ ಎಂಟು

ಯಾದಿ ಮುಗಿಯಿತು. ಮೂವತ್ಮೂರು ಹೆಸರು. ಮೊದಲು ಅವ್ವ — ಸೋನುಬಾಯಿ ಗಂಡ ಗುಂಡಪ್ಪ. ಇಷ್ಟು ಚಂದದ ಅಕ್ಷರ ನಾನು ಯಾವತ್ತೂ ಬರೆದಿಲ್ಲ. ಆಮೇಲೆ ನಾನು. ಕಾಶಿರಾಮ ತನ್ನದನ್ನು ತಾನೇ ಬರೆಯುತ್ತೇನೆ ಎಂದು ಟಾಕು ಕಸಿದುಕೊಂಡ, ಮಸಿ ಚೆಲ್ಲಿದ. ಗಿರಿಜಾ. ಒಂಬತ್ತು ಮನೆಯವರು. ಕೊನೆಗೆ ಅಮ್ಮನವರು.

ಓದಿ ನೋಡಿದೆ. ಸುಳ್ಳು ಯಾದಿ. ಒಬ್ಬರು ಬಿಟ್ಟುಹೋಗಿದ್ದಾರೆ.

ಅವರು ತಿಳಿಯದೆ ಉಂಡರು, ನಿಜ. ಆದರೆ ನಿಯಮದಲ್ಲಿ ತಿಳಿದು, ತಿಳಿಯದೆ ಎಂದು ಇರಲಿಲ್ಲ. ಉಂಡವರು ಎಂದಷ್ಟೇ ಇತ್ತು. ಎಲ್ಲರಿಗೂ ಒಂದೇ ಎಂದವರು ಅವರೇ. ಉಂಡ ಮೇಲೆ ಅವರ ನಂಬಿಕೆ ಏನಾದರೂ ಸವೆಯಿತೇ? ಶುಕ್ರವಾರ ರೋಗಿಗಳ ಪ್ರಾರ್ಥನೆಯಲ್ಲಿ ಅವ್ವನ ಹೆಸರು ಹಿಡಿದು ಎಷ್ಟು ಮನಸಾರೆ ಬೇಡಿದರು. ಅದೇ ಬಾಯಿ, ಅದೇ ಭಜ್ಜಿ ಉಂಡ ಬಾಯಿ.

ಹೆದರಿಕೆ ಇದೆ. ಕೆಲಸ ಹೋಗಬಹುದು. ಕಾಶಿರಾಮನದೂ ಹೋಗಬಹುದು. ಹೋಗಲಿ. ಅವ್ವನನ್ನು ಬದುವಿನ ಆಚೆ ಮಲಗಿಸುವುದಿಲ್ಲ ನಾನು.

ಮೂವತ್ನಾಲ್ಕನೆಯದಾಗಿ ಬರೆಯಲು ಹೋದೆ. ಕೈ ತಡೆಯಿತು. ದೊಡ್ಡವರ ಹೆಸರನ್ನು ಕೊನೆಗೆ ಬರೆಯುವುದು ಮರ್ಯಾದೆಯಲ್ಲ. ಹಾಳೆ ಹರಿದು ಹೊಸ ಹಾಳೆ ತೆಗೆದುಕೊಂಡೆ. ಒಂದನೆಯದು — ಪೂಜ್ಯ ಸಭಾಪಾಲಕರು, ಎರಡು ಸಲ. ಎರಡನೆಯದು — ಅವ್ವ.

ಚರ್ಚಿನ ಗಂಟೆ ಹೊಡೆಯಿತು. ಅವ್ವ ಎದ್ದು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ, ಬಂಡಿ ಬೇಡ, ನಡೆದೇ ಬರುತ್ತೇನೆ ಎನ್ನುತ್ತಿದ್ದಾಳೆ. ಹಾಳೆ ಮಡಿಸುವುದಿಲ್ಲ. ಅವರ ಎದುರಿಗೇ ನಿಂತು, ದನಿ ಇಳಿಸದೆ, ಮೊದಲನೆಯ ಹೆಸರು ಓದಿ ನಿಲ್ಲಿಸುತ್ತೇನೆ. ಎರಡನೆಯದನ್ನು ಓದಬೇಕೋ ಬೇಡವೋ, ಅವರೇ ಹೇಳಲಿ.