ಆರ್ಕುಟ್‌ನಲ್ಲಿ ನಾಲ್ಕು ಸಾಲಿನ ಅಸಭ್ಯತೆ

ಮುಕ್ತ ತಂತ್ರಾಂಶ ಬಳಗಗಳ ಒಕ್ಕೂಟದ ನಡತೆ ಸಮಿತಿಯ ಸಂಚಾಲಕರೇ,

'ಮಾನ್ಯರೇ' ಎಂದು ತೊಡಗಬೇಕಿತ್ತು. ಆದರೆ ನಿಮ್ಮ ಮಾರ್ಗಸೂಚಿಯ ಪ್ರಕಾರ ಅಂತರ್ಜಾಲದಲ್ಲಿ ಹಿರಿಯರನ್ನು ಹೇಗೆ ಸಂಬೋಧಿಸಬೇಕೆಂಬುದಕ್ಕೂ ಮೊದಲೇ ಒಪ್ಪಿಗೆ ಪಡೆಯಬೇಕು. ಪತ್ರಿಕೆಯಲ್ಲಿ ಬರೆಯುವಾಗ ಏನು ನಿಯಮವೋ ತಿಳಿಯದು. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಳೆದ ತಿಂಗಳು ನನ್ನನ್ನು ಬೆಳಗಾವಿ ಜಿಲ್ಲೆಯ ಪ್ರತಿನಿಧಿ ಸ್ಥಾನದಿಂದ ತೆಗೆದುಹಾಕಿದಿರಿ. ಕಾರಣ, ಆರ್ಕುಟ್ ಜಾಲತಾಣದ ನಮ್ಮ ಗುಂಪಿನಲ್ಲಿ ನಾನು ಬರೆದ ನಾಲ್ಕು ಸಾಲು. ಆ ಸಾಲುಗಳು ಸುಳ್ಳೆಂದು ನೀವು ಹೇಳಿಲ್ಲ. ಅವುಗಳಿಂದ ಯಾರಿಗಾದರೂ ಕೆಡುಕಾಯಿತೆಂದೂ ಹೇಳಿಲ್ಲ. 'ಪ್ರತಿನಿಧಿಯ ಘನತೆಗೆ ತಕ್ಕುದಲ್ಲದ ಬರಹ' ಎಂದಿದ್ದೀರಿ. ಘನತೆಯ ಮಾತು ಬಂದುದರಿಂದ, ನಡೆದದ್ದನ್ನು ಓದುಗರ ಮುಂದಿಡುವುದು ಒಳ್ಳೆಯದೆನ್ನಿಸಿತು.

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಚ್ಚುಗಳ ನಕಾಶೆ ಬಿಡಿಸುವವಳು. ಭಾನುವಾರ ಮಾತ್ರ ನಿಮ್ಮವಳಾಗಿದ್ದೆ. ಊರಿನ ಕ್ಯಾಂಪ್ ಪ್ರದೇಶದ ಹಳೆಯ ಬಂಗಲೆಯೊಂದರ ವರಾಂಡದಲ್ಲಿ ನಮ್ಮ ಬಳಗ ಸೇರುತ್ತಿತ್ತು. ಕಾಲೇಜಿನ ಲ್ಯಾಬ್ ಸಹಾಯಕ ಮೈಲಾರಲಿಂಗ ಮತ್ತು ನಾನು, ಯಾರು ಕರೆದರೂ ಅವರ ಮನೆಗೆ ಹೋಗಿ ಕಂಪ್ಯೂಟರಿಗೆ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿಕೊಟ್ಟು, ಕನ್ನಡ ಮೂಡುವಂತೆ ಮಾಡಿ, ಚಹಾ ಕುಡಿದು ಬರುತ್ತಿದ್ದೆವು. ಇದರಲ್ಲಿ ಅಂಥದ್ದೇನಿದೆ ಎಂದು ಕೇಳಿದವರಿಗೆ ನಾವು ಹೇಳುತ್ತಿದ್ದುದು ಇಷ್ಟೇ: ಇದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಪ್ಪು ಕಂಡರೆ ಎಲ್ಲರೆದುರು ಹೇಳಬಹುದು, ಬಲ್ಲವರು ತಿದ್ದಲೂಬಹುದು. ಒಕ್ಕೂಟ ನಮಗೆ ಕಲಿಸಿಕೊಟ್ಟ ಮಾತೇ ಅದು. ನಾವು ಅದನ್ನು ನಂಬಿಬಿಟ್ಟೆವು, ಕ್ಷಮಿಸಿ.

ಒಂದು ಸಂಗತಿ ಓದುಗರಿಗೆ ತಿಳಿಯದು, ನಿಮಗೆ ತಿಳಿದಿದೆ. ಪ್ರತಿನಿಧಿಗಳಿಗೊಂದು ನಡತೆಯ ಮಾರ್ಗಸೂಚಿ ಬೇಕೆಂದು ಮೊದಲು ಕೇಳಿದವಳು ನಾನೇ. ಹೋದ ವರ್ಷ ಬೇರೆ ಜಿಲ್ಲೆಯ ನಿಮ್ಮ ಪ್ರತಿನಿಧಿಯೊಬ್ಬರು ಆರ್ಕುಟ್‌ನಲ್ಲಿ ನನ್ನ ಫೋಟೋ ಹಾಕಿ, ಅದರ ಕೆಳಗೆ ಒಲೆ, ಲಟ್ಟಣಿಗೆಗಳ ವಿಚಾರ ಬರೆದರು. ಅವರ ಗೆಳೆಯರು ಅಲ್ಲಿಂದ ಮುಂದೆ ಬರೆದದ್ದನ್ನು ಇಲ್ಲಿ ಎತ್ತಿ ಹೇಳಲಾರೆ. ನಮ್ಮ ಮನೆಯಲ್ಲಿ ವಾರಗಟ್ಟಲೆ ಇದೇ ಮಾತು. ನಿಮಗೆ ದೂರು ಬರೆದೆ. 'ಇದು ವೈಯಕ್ತಿಕ ವಿಷಯ. ಆದರೂ ಮಾರ್ಗಸೂಚಿಯೊಂದನ್ನು ರೂಪಿಸುತ್ತಿದ್ದೇವೆ' ಎಂದು ಉತ್ತರ ಬಂತು. ನಾನು ಕಾದೆ.

ಮಾರ್ಗಸೂಚಿ ಬಂತು. ಪ್ರತಿನಿಧಿಯು ಗ್ರಾಮ್ಯ ಭಾಷೆಯನ್ನು ಬಳಸತಕ್ಕದ್ದಲ್ಲ. ಒಂದೇ ಬರಹದಲ್ಲಿ ಎರಡು ಭಾಷೆ ಬೆರೆಸತಕ್ಕದ್ದಲ್ಲ. ನಗುಮುಖದ ಚಿಹ್ನೆ ಹಾಕತಕ್ಕದ್ದಲ್ಲ. ಒಕ್ಕೂಟದ ಸಿ.ಡಿ.ಗಳ ದೋಷಗಳನ್ನು ಸಮಿತಿಯ ಅನುಮತಿಯಿಲ್ಲದೆ ಬಹಿರಂಗವಾಗಿ ಪ್ರಸ್ತಾಪಿಸತಕ್ಕದ್ದಲ್ಲ. ಹೆಣ್ಣುಮಕ್ಕಳ ಫೋಟೋ ಹಾಕಿ ಹೊಲಸು ಬರೆಯತಕ್ಕದ್ದಲ್ಲ ಎಂಬ ಸಾಲನ್ನು ಹುಡುಕಿದೆ. ಇರಲಿಲ್ಲ. ಅದನ್ನು ಶುದ್ಧ ಕನ್ನಡದಲ್ಲಿ, ನಗುಮುಖವಿಲ್ಲದೆ ಬರೆದರೆ ನಿಮ್ಮ ನಿಯಮಕ್ಕೆ ಯಾವ ಭಂಗವೂ ಇಲ್ಲ.

ಮೈಲಾರಲಿಂಗ ಓದಿ ಕೇಳಿದ: "ಅಕ್ಕಾರ, ಇದನ್ನ ಓದಿ ನಗಾಕ ಅರ್ಜಿ ಯಾರಿಗೆ ಕೊಡಬೇಕ್ರಿ?"

ಇನ್ನು ಸಿ.ಡಿ.ಯ ವಿಷಯ. ಒಕ್ಕೂಟವೇ ಅಣಿಗೊಳಿಸಿದ ಹೊಸ ಸಿ.ಡಿ. ಬಂದಾಗ ನಮಗೆ ಸಂಭ್ರಮ. 'ನಿಮ್ಮ ಹಳೆಯ ಕಡತಗಳು ಹಾಗೆಯೇ ಉಳಿಯುತ್ತವೆ' ಎಂದು ಹೊದಿಕೆಯ ಮೇಲೆಯೇ ಅಚ್ಚಾಗಿತ್ತು. ಅದನ್ನು ಹಿಡಿದು ಖಾನಾಪುರಕ್ಕೆ, ಗಂಗಾದೇವಿಯವರ ಮನೆಗೆ ಹೋದೆವು. ಅವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವರು. ಅವರ ತಾಯಿ ಬಾಳವ್ವನವರು ಬೀಸುವ ಕಲ್ಲಿನ ಪದಗಳ ಗಣಿ. ಒಂದು ಸಾಲು ಕನ್ನಡ, ಮರುಸಾಲು ಮರಾಠಿ, ಮತ್ತೆ ಕನ್ನಡ. ಆ ಸೀಮೆಯ ಹೆಣ್ಣುಮಕ್ಕಳು ತವರಿನ ಭಾಷೆಯನ್ನೂ ಗಂಡನ ಮನೆಯ ಭಾಷೆಯನ್ನೂ ಕೂಡಿಸಿ ಹಾಡಿಕೊಂಡವು. ನಿಮ್ಮ ಮಾರ್ಗಸೂಚಿಗೆ ಇವು ಸಾರಾಸಗಟಾಗಿ ವಿರುದ್ಧ. ವರ್ಷಗಳಿಂದ ಗಂಗಾದೇವಿಯವರು ತಾಯಿ ಬೀಸುತ್ತ ಹಾಡಿದ ಆ ಪದಗಳನ್ನು ಬರೆದು ಕಂಪ್ಯೂಟರಿನಲ್ಲಿ ಕೂಡಿಡುತ್ತಿದ್ದರು.

ಮೈಲಾರಲಿಂಗ ಸಿ.ಡಿ. ಹಾಕಿದ. 'ಹಳೆಯದನ್ನು ಉಳಿಸಿಕೊಳ್ಳಿ' ಎಂಬಲ್ಲಿ ಒತ್ತಿದ. ಗಂಗಾದೇವಿಯವರೂ ನಾನೂ ಪಕ್ಕದಲ್ಲೇ ಕುಳಿತು ನೋಡುತ್ತಿದ್ದೆವು. ಎಲ್ಲ ಮುಗಿದು ಪರದೆ ಬೆಳಗಿದಾಗ ಚೆಂದದ ಕನ್ನಡದಲ್ಲಿ 'ಸುಸ್ವಾಗತ' ಎಂದಿತ್ತು. ಬೇರೆ ಏನೂ ಇರಲಿಲ್ಲ.

"ಅವ್ವನ ಪದಾ ಎಲ್ಲದಾವು?" ಎಂದು ಗಂಗಾದೇವಿಯವರು ಕೇಳಿದರು.

ಮೈಲಾರಲಿಂಗ ಅಲ್ಲಿ ಇಲ್ಲಿ ಹುಡುಕಿದ. ಅವನ ಮುಖ ನೋಡಿಯೇ ಅವರಿಗೆ ತಿಳಿಯಿತು. ಬೈಯಲಿಲ್ಲ, ಅಳಲಿಲ್ಲ. ಎದ್ದು, "ಬರ್ರಿ, ಚಾ ಆರಾಕತ್ತೈತಿ" ಎಂದರು.

ಊರಿಗೆ ಮರಳಿದ ಕೂಡಲೇ ನಾನು ನಿಯಮದಂತೆ ನಡೆದೆ. ದೋಷವನ್ನು ವಿವರಿಸಿ ಸಮಿತಿಗೆ ಮಿಂಚಂಚೆ ಕಳಿಸಿದೆ. 'ವಿಷಯವನ್ನು ಮುಂದಿನ ಸಭೆಯಲ್ಲಿ ಮಂಡಿಸಲಾಗುವುದು. ಅಲ್ಲಿಯವರೆಗೆ ಮೌನ ಕಾಪಾಡುವುದು. ಯಾರಾದರೂ ವಿಚಾರಿಸಿದಲ್ಲಿ ಹೊಸ ಆವೃತ್ತಿಯು ಜನರಲ್ಲಿ ಉತ್ಸಾಹ ಮೂಡಿಸಿದೆ ಎಂದು ತಿಳಿಸುವುದು' ಎಂದು ನೀವೇ ಉತ್ತರಿಸಿದಿರಿ. ಅಷ್ಟರಲ್ಲಿ ಆರ್ಕುಟ್‌ನಲ್ಲಿ, ಕ್ಯಾಂಪಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೌರೀಶ ಎಂಬವರು ಕೇಳಿದ್ದರು: "ಹೊಸಾ ಸಿ.ಡಿ. ಸಿಕ್ಕೈತಿ. ಸ್ಟುಡಿಯೋದ ಕಂಪ್ಯೂಟರಿಗೆ ಹಾಕ್ಲೇನ್ರಿ?"

ಸಂಚಾಲಕರೇ, ಆ ಮನುಷ್ಯನಿಗೆ ನಾನು ಏನು ಹೇಳಬೇಕಿತ್ತು? ಉತ್ಸಾಹ ಮೂಡಿದೆ ಎಂದೇ?

ನಾನು ಬರೆದದ್ದು ಇದು:

"ಹೊಸಾ ಸಿ.ಡಿ. ಸದ್ಯಕ್ಕ ಯಾರೂ ಹಾಕಬ್ಯಾಡ್ರಿ.
'ಹಳೆಯದನ್ನು ಉಳಿಸಿಕೊಳ್ಳಿ' ಅಂತ ಒತ್ತಿದ್ರೂ ಇದ್ದದ್ದೆಲ್ಲಾ ಅಳಿಸಿ ಹೋಗತೈತಿ, ಖಾನಾಪುರದಾಗ ಕಣ್ಣಾರೆ ನೋಡೇನಿ.
ಹೀ ಸೀಡೀ ಅಜೂನ್ ಟಾಕೂ ನಕಾ, ಥಾಂಬಾ.
ಒಕ್ಕೂಟದಾವ್ರು ನಿದ್ದಿಯಿಂದ ಎದ್ದಮ್ಯಾಲೆ ತಿಳಸ್ತೇನಿ."

ಮೂರನೆಯ ಸಾಲು ಮೊದಲನೆಯದನ್ನೇ ಮರಾಠಿಯಲ್ಲಿ ಹೇಳುತ್ತದೆ; ಗುಂಪಿನಲ್ಲಿ ಅದನ್ನು ದೇವನಾಗರಿ ಲಿಪಿಯಲ್ಲೇ ಬರೆದಿದ್ದೆ. ಕೊನೆಯ ಸಾಲಿನ ತುದಿಗೆ ಒಂದು ನಗುಮುಖವೂ ಇತ್ತು, ಒಪ್ಪುತ್ತೇನೆ.

ಗೌರೀಶ ಮರುದಿನ ಫೋನ್ ಮಾಡಿದರು. "ಪ್ರಮಿಳಾ ಅವ್ರ, ಸಿ.ಡಿ. ಕೈಯಾಗ ಹಿಡಕೊಂಡು ಕುಂತಿದ್ದೆ ನೋಡ್ರಿ. ಮಂದಿ ಮದುವಿ ಫೋಟೋ ಎಲ್ಲಾ ಅದರಾಗ ಅದಾವ. ಹೋಗಿದ್ರ ನಾನು ಅಂಗಡಿ ಬಾಗಿಲಾ ತಗಿಯೂ ಹಂಗಿರಲಿಲ್ಲ."

ಅದೇ ವಾರ ನಿಮ್ಮ ಸಮಿತಿಯ ಸದಸ್ಯರೊಬ್ಬರೂ ಫೋನ್ ಮಾಡಿದರು. ವಿಚಾರಣೆ ಎಂದರು. ಅಳಿಸಿಹೋದ ಡಿಸ್ಕಿನ ವಿಚಾರಣೆ ಇರಬಹುದೆಂದು ನಾನು ವಿವರಗಳನ್ನು ಹೇಳಹೊರಟೆ.

"ಅದು ತಾಂತ್ರಿಕ ವಿಭಾಗಕ್ಕೆ ಸೇರಿದ್ದು. 'ಥಾಂಬಾ' ಎಂದರೇನು?"

"'ನಿಲ್ಲರಿ' ಅಂತ ರೀ."

"ಅದನ್ನು ಕನ್ನಡದಲ್ಲೇ ಹೇಳಬಹುದಿತ್ತಲ್ಲ?"

"ಕನ್ನಡದಾಗೂ ಹೇಳೇನಲ್ರೀ. ಖಾನಾಪುರದಾಗ ಭಾಳ ಮಂದಿ ಮನ್ಯಾಗ ಮರಾಠಿ ಮಾತಾಡ್ತಾರ. ಅವರ ಡಿಸ್ಕ್ ಅಳಿಸಿದ್ರ ನಡೀತೈತೇನ್ರಿ?"

"ನೀವು ವಿಷಯಾಂತರ ಮಾಡುತ್ತಿದ್ದೀರಿ. 'ನಿದ್ದೆ' ಎಂಬ ಪದದಿಂದ ಸಮಿತಿಗೆ ತುಂಬಾ ನೋವಾಗಿದೆ."

ಸಮಿತಿಯ ನೋವು ನನಗೆ ಅರ್ಥವಾಗುತ್ತದೆ. ಎಚ್ಚರವಾದಾಗ ಎಲ್ಲರಿಗೂ ಸ್ವಲ್ಪ ಮೈಕೈ ನೋವಿರುತ್ತದೆ. ಆದರೆ ಗಂಗಾದೇವಿಯವರ ಹೆಸರನ್ನು ಆ ಸದಸ್ಯರು ಒಮ್ಮೆಯೂ ಕೇಳಲಿಲ್ಲವಲ್ಲ, ಅದು ಅರ್ಥವಾಗಲಿಲ್ಲ.

ಮುಂದೆ ಆದದ್ದನ್ನು ನೀವು ಎಲ್ಲಿಯೂ ಪ್ರಕಟಿಸಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಕೊಲ್ಹಾಪುರದ ಒಬ್ಬ ಅಪರಿಚಿತರು ಆ ಮರಾಠಿ ಸಾಲನ್ನು ಓದಿದರು. ಉಳಿದ ಸಾಲುಗಳು ಅವರಿಗೆ ತಿಳಿಯಲಿಲ್ಲ. ಯಾಕೆ ಹಾಕಬಾರದು ಎಂದು ನನಗೇ ಬರೆದು ಕೇಳಿ, ಸಿ.ಡಿ. ತರಿಸಿಕೊಂಡು, ಒಳಗಿನ ತಪ್ಪನ್ನು ಹುಡುಕಿ, ತಿದ್ದುಪಡಿ ಮಾಡಿ ನಿಮ್ಮ ತಾಂತ್ರಿಕ ವಿಭಾಗಕ್ಕೆ ಕಳಿಸಿದರು. ನಿಮ್ಮ ಸಭೆ ಆಗಿನ್ನೂ ಸೇರಿರಲಿಲ್ಲ. ತಿದ್ದಿದ ಸಿ.ಡಿ. ಹೊರಬಂತು. ಹೊದಿಕೆಯ ಮೇಲೆ 'ಒಕ್ಕೂಟದ ನಿರಂತರ ಜಾಗರೂಕತೆಯ ಫಲ' ಎಂದಿತ್ತು. ಅದರ ಬೆನ್ನಿಗೇ ನನ್ನನ್ನು ತೆಗೆದುಹಾಕಿದ ಆದೇಶವೂ ಬಂತು. ನನ್ನ ಫೋಟೋ ಹಾಕಿದವರು ಇಂದಿಗೂ ನಿಮ್ಮ ಪ್ರತಿನಿಧಿಯೇ. ಅವರ ಕನ್ನಡ ಬಲು ಶುದ್ಧವಾಗಿದೆ.

ಪ್ರತಿನಿಧಿಗಳು ಹದ್ದು ಮೀರಬಾರದು, ಒಬ್ಬರ ನಾಲಿಗೆಯಿಂದ ಎಲ್ಲರಿಗೂ ಕೆಟ್ಟ ಹೆಸರು ಬರಬಾರದು ಎನ್ನುತ್ತೀರಿ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರಾರು? ನಿಯಮ ಬೇಕು. ಆದರೆ ನಿಯಮ ಯಾರನ್ನು ಕಾಯಬೇಕು? ಸಾವಿರಾರು ಸಾಲಿನ ತಂತ್ರಾಂಶವನ್ನು ಜಗತ್ತಿಗೆಲ್ಲ ತೆರೆದಿಟ್ಟವರು, ಅದರ ಬಗ್ಗೆ ಆಡುವ ಒಂದು ಮಾತಿಗೆ ಬೆದರಿ ಬಾಗಿಲು ಹಾಕಿಕೊಂಡರೆ, ಆ ತೆರೆದಿಟ್ಟದ್ದನ್ನು ನೋಡಿ ಏನು ಪ್ರಯೋಜನ? ಒಕ್ಕೂಟದ ಹೆಸರು ಖಾನಾಪುರದಲ್ಲಿ ಕೆಟ್ಟದ್ದು ನನ್ನ ನಗುಮುಖದಿಂದಲ್ಲ.

ಗಂಗಾದೇವಿಯವರ ಹಳೆಯ ಫ್ಲಾಪಿಗಳಲ್ಲಿ ಕೆಲವು ಪದಗಳು ಸಿಕ್ಕವು. ಉಳಿದವನ್ನು ಮತ್ತೆ ಹಾಡಿಸೋಣವೆಂದು ಕುಳಿತರೆ ಬಾಳವ್ವನವರು, "ಬೀಸೂ ಮುಂದ ಪದಾ ತಾವಾಗೇ ಬರತಾವ ತಂಗಿ. ಗ್ವಾಡಿಗೆ ಆನಿಕೊಂಡು ಹಾಡಂದ್ರ ಯಾವದಂತ ಹಾಡ್ಲಿ?" ಎಂದರು. ಅವರ ತೋಳಿನಲ್ಲಿ ಈಗ ಕಸುವಿಲ್ಲ. ಮೈಲಾರಲಿಂಗ ಹಿತ್ತಲಿನಿಂದ ಬೀಸುವ ಕಲ್ಲನ್ನು ಹೊತ್ತು ತಂದು, ಗೂಟ ಹಿಡಿದು ತಾನೇ ತಿರುಗಿಸಿದ. ಅವರು ಪಕ್ಕದಲ್ಲಿ ಕುಳಿತು, ಅವನು ಅಡ್ಡಾದಿಡ್ಡಿ ತಿರುಗಿಸುವುದಕ್ಕೆ ನಕ್ಕು, ಆಮೇಲೆ ಹಾಡಿದರು. ಎಷ್ಟೋ ಪದಗಳು ಬಂದವು. ಮಗಳನ್ನು ಬಾಣಂತನಕ್ಕೆ ಕರೆತರುವ ಉದ್ದನೆಯ ಪದವೊಂದು ಪೂರ್ತಿ ಬರಲೇ ಇಲ್ಲ. ಎರಡು ಸಾಲು ಹಾಡಿ ನಿಲ್ಲಿಸಿದರು, ಮೊದಲಿನಿಂದ ಹಾಡಿದರು, ಅಲ್ಲಿಯೇ ನಿಲ್ಲಿಸಿದರು. ಗಂಗಾದೇವಿಯವರು "ಇರಲಿ ಬಿಡವ್ವಾ" ಎಂದು ತಾಯಿಯ ಕೈ ಹಿಡಿದುಕೊಂಡರು.

ಈಗ ನನ್ನ ಬೇಡಿಕೆ. ಜನರಿಗೆ ಹಾನಿಯಾಗುವ ದೋಷ ಕಂಡರೆ ಯಾರ ಅಪ್ಪಣೆಗೂ ಕಾಯದೆ, ಕೇಳುವವರಿಗೆ ತಿಳಿಯುವ ಭಾಷೆಯಲ್ಲಿ ಎಚ್ಚರಿಸುವುದು ಪ್ರತಿನಿಧಿಯ ಮೊದಲ ಕರ್ತವ್ಯವೆಂದು ಮಾರ್ಗಸೂಚಿಯಲ್ಲಿ ಬರೆಯಿರಿ. ಹೆಣ್ಣುಮಕ್ಕಳ ಫೋಟೋ ಬಗ್ಗೆ ನಾನು ಹುಡುಕಿ ಕಾಣದ ಆ ಸಾಲನ್ನೂ ಬರೆಯಿರಿ, ಮತ್ತು ಅದನ್ನು ಶುದ್ಧ ಕನ್ನಡದವರಿಗೂ ಅನ್ವಯಿಸಿರಿ. ಸ್ಥಾನಮಾನದ ಆಸೆ ನನಗಿಲ್ಲ ಎಂದು ದೊಡ್ಡತನ ತೋರಿಸಲಾರೆ. ನನ್ನ ಸ್ಥಾನವನ್ನು ಹಿಂದಿರುಗಿಸಿರಿ. ಆ ಕೆಲಸವನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ.

ಎಲ್ಲಕ್ಕಿಂತ ಮೊದಲು ನಿಮ್ಮಲ್ಲಿ ಒಬ್ಬರಾದರೂ ಖಾನಾಪುರಕ್ಕೆ ಬಂದು ಗಂಗಾದೇವಿಯವರ ಕ್ಷಮೆ ಕೇಳಿರಿ. ಕನ್ನಡದಲ್ಲಾದರೂ ಸರಿ, ಮರಾಠಿಯಲ್ಲಾದರೂ ಸರಿ. ಅವರಿಗೆ ಎರಡೂ ತಿಳಿಯುತ್ತವೆ.

ಇಂತಿ,
ಇಷ್ಟನ್ನೂ ತಮ್ಮ ಅನುಮತಿಯಿಲ್ಲದೆ ಬರೆದ
ಪ್ರಮಿಳಾ
ಅನಗೋಳ, ಬೆಳಗಾವಿ