ಸೈನ್ಯವಿಲ್ಲದವರು ಗೆಲ್ಲುವ ಆಟ

ಭಾವನಿಗೆ ನಮಸ್ಕಾರ.

ನಾವಿಬ್ಬರೂ ಕಟ್ಟುತ್ತಿರುವ ಹಳೆಯ ಯುರೋಪಿನ ಧರ್ಮಯುದ್ಧದ ಕಂಪ್ಯೂಟರ್ ಆಟದಲ್ಲಿ ಲೂಥರನ್ನರು, ಕ್ಯಾಲ್ವಿನಿಸ್ಟರು ಎಂಬ ಕ್ರೈಸ್ತ ಪಂಗಡಗಳಿಗೆ ನಾನು ಸೈನ್ಯ ಕೊಟ್ಟಿದ್ದೆ. ಕೂಸಿಗೆ ದೀಕ್ಷಾಸ್ನಾನ ಬೇಡ, ಬುದ್ಧಿ ಬಂದ ಮೇಲೆ ಸಾಕು ಎನ್ನುವ ಇನ್ನೊಂದು ಪಂಗಡ ಕತ್ತಿ ಹಿಡಿಯದು, ಹಾಗಾಗಿ ಅವರಿಗೆ ಕೊಡಲಿಲ್ಲ. ನೀವು ನಿಯಮ ತಿದ್ದಿದ ಮೇಲೆ ಒಬ್ಬ ಸೈನಿಕನಿಲ್ಲದೆ ಊರುಗಳೆಲ್ಲ ಅವರ ಕಡೆಗೇ ವಾಲುತ್ತಿವೆ. “ನಿಮ್ಮ ಭಾವ ಯಾರ ಕಡೆಯವರು ಸ್ವಾಮಿ?” ಎಂದು ನಮ್ಮ ಆಟಕ್ಕೆ ಚಿತ್ರ ಬರೆಯುವವನು ನಕ್ಕ. ನನಗೆ ನಗು ಬರಲಿಲ್ಲ.

ಮೊನ್ನೆ ನಿಮ್ಮ ಮಗುವಿನ ದೀಕ್ಷಾಸ್ನಾನದ ಮಾತೆತ್ತಿದರೆ ಅಕ್ಕ ಅಡುಗೆಮನೆಗೆ ಎದ್ದುಹೋದಳು, ನೀವು ಕಂಪ್ಯೂಟರಿನತ್ತ ತಿರುಗಿದಿರಿ. ಇತ್ತ ಅಮ್ಮ ಮೊಮ್ಮಗುವಿಗೆ ಬಿಳಿ ಅಂಗಿ ಹೊಲಿದು, ನೆಂಟರಿಗೆಲ್ಲ ಹೇಳಿಯೂ ಆಗಿದೆ.

ಆಟದ ನಿಯಮ ನಿಮ್ಮಿಷ್ಟದಂತೆಯೇ ಇರಲಿ. ಭಾನುವಾರ ಮಗುವನ್ನು ಚರ್ಚಿಗೆ ಕರೆತರುವುದಿಲ್ಲವೆಂದಾದರೆ ಅಮ್ಮನಿಗೆ ನೀವೇ ಬಂದು ಹೇಳಿ. ನನ್ನ ಬಾಯಲ್ಲಿ ಹೇಳಿಸಬೇಡಿ.

ಇಂತಿ,
ನಿಮ್ಮ ಭಾಮೈದ