ಅಪ್ಪಗ ಬೂಟು ಹಾಕು

ಯುವರಾಜ,

ಸೈಕಲ್ ತಗೊಂಡು ಹುಬ್ಬಳ್ಳಿ ಟ್ರೇನಿಗೆ ಹೊಂಟೇನಿ. ಮರವಿನ ಜಡ್ಡಿನವರ ಸಲುವಾಗಿ ನಮ್ಮ ಸೈಕಲ್ ತಂಡ ಬೆಂಗಳೂರು ತನಕಾ ತುಳಿಯೂದು ಅಲ್ಲಿಂದನ ಸುರು. ನೀ ಏಳೂ ತನಕಾ ಕಾಯಾಕ ಆಗಲಿಲ್ಲ.

ಅಪ್ಪ ಎದ್ದ ಕೂಡ್ಲೇ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಬೇಕು ಅಂತಾನ. "ಅಂಗಡಿ ಮುಚ್ಚಿ ಎಷ್ಟ ವರ್ಷ ಆತು" ಅಂತ ಭಾಷಣ ಮಾಡಬ್ಯಾಡ. ಕಾಳು ಕೇರೂ ಮರದಾಗ ಮೆಣಸಿನಕಾಯಿ ಹಾಕಿ ಮುಂದ ಇಡು, ತೊಟ್ಟು ಮುರಕೋತ ಆರಾಮ ಕುಂದರ್ತಾನ. ಆ ಕೆಲಸ ಮುಗಿಸಿದ ಮ್ಯಾಲ ಸಬಕಾರ ಹಚ್ಚಿ ಕೈ ತೊಳಸು. ಹ್ವಾದ ಸಲ ನೀ ಮೊಬೈಲ್ ನೋಡ್ಕೋತ ಕುಂತಿ, ಅಂವ ಅದ ಕೈಲೆ ಕಣ್ಣು ತಿಕ್ಕೊಂಡ. ನೆನಪೈತಲ್ಲ?

ನಿನ್ನೆ ಸಂಜಿಕೆ ನನ್ನ ಹೆಸರು ಅವಗ ಬರಲೇ ಇಲ್ಲ. "ಯಾರ ಮಗಳವಾ ನೀ?" ಅಂದ. ನಾ ಸೈಕಲ್ ಹತ್ತಿದೆ. ನೋಡಿದ್ರ, ಸೀಟು ಗಟ್ಟಿ ಹಿಡಕೊಂಡು ಓಣಿ ತುದಿ ತನಕಾ ಹಿಂದ ಓಡಿ ಬಂದ, ಸಣ್ಣಾಕಿದ್ದಾಗ ಕಲಿಸಿದಂಗ. "ಹೆದರಬ್ಯಾಡವಾ, ಹಿಡದೇನಿ, ತುಳಿ" ಅಂದ.

ನಾಳೆ ಸಂಜಿಕೆ ನಾವು ನಮ್ಮ ರಾಣೆಬೆನ್ನೂರು ಮ್ಯಾಲೆನ ಹಾಯ್ತೇವಿ. ಸರ್ವಿಸ್ ರೋಡಿಗೆ ಅಪ್ಪನ ಕರಕೊಂಡು ಬಾ. ಜನ ನೋಡ್ತಾರಂತ ನಾಚಬ್ಯಾಡ.

ಚಪ್ಪಲ್ ಬ್ಯಾಡ, ಬೂಟು ಹಾಕು. ಅಂವ ಓಡಬೇಕು.

ಅರುಣಕ್ಕ